ಹಗ್ಗದ ಓಣಿಯ ಒಂಬತ್ತನೆಯ ದಿನ

ಹೊಡೆದಾಟ ನಡೆದದ್ದು ಹನ್ನೊಂದು ನಿಮಿಷ. ಟೀವಿಯವರು ಅದನ್ನು ಎಂಟು ದಿನ ತೋರಿಸಿದರು. ವಜ್ರಬಾಹು ಎಂಬ ಗಟ್ಟಿಗ ಧೂಮಾಂಗ ಎಂಬ ಗಟ್ಟಿಗನನ್ನು ಹುಬ್ಬಳ್ಳಿಯ ಗೂಡ್ಸ್ ಶೆಡ್ಡಿನ ಮೇಲಿಂದ ಎತ್ತಿ ಒಗೆದದ್ದು, ಅವನು ಹಗ್ಗದ ಓಣಿಯಲ್ಲಿ ಬಿದ್ದು ಎದ್ದದ್ದು, ಇಬ್ಬರೂ ಒಬ್ಬರನ್ನೊಬ್ಬರು ಓಣಿಯ ಗೋಡೆಗಳಿಗೆ ಅಪ್ಪಳಿಸಿದ್ದು, ಕೊನೆಗೆ ಒಬ್ಬನನ್ನು ಜೈಲಿಗೆ ಒಯ್ದದ್ದು, ಇನ್ನೊಬ್ಬ ಕೈ ಬೀಸಿ ಆಕಾಶಕ್ಕೆ ಹಾರಿದ್ದು. ಅಲ್ಲಿಗೆ ಕ್ಯಾಮೆರಾ ಆಫ್. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮೃತ್ಯು ಅಂತ ಹಿರಿಯರು ಹೇಳಿದ್ದು ಸುಳ್ಳಲ್ಲ. ಆಮೇಲೆ ಆ ಗಿಡದ ಗತಿ ನೋಡಲು ಬರುವವರು ಯಾರು ಎಂಬುದನ್ನು ಮಾತ್ರ ಅವರು ಹೇಳದೆ ಹೋದರು.

ಬರುವವಳು ಸುವರ್ಣಾ ಬಡಿಗೇರ. ಅವಳದು ಯುದ್ಧೋತ್ತರ ಕಟ್ಟಡ ಪರಿಶೀಲನಾ ಇಲಾಖೆ. ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲದೆ ಊರಿನವರು ಅದನ್ನು ಬಿದ್ದಮನಿ ಇಲಾಖೆ ಅಂತಲೇ ಕರೆಯುತ್ತಿದ್ದರು. ಗಟ್ಟಿಗರು ಹುಟ್ಟಲು ಶುರುವಾಗಿ ಇಪ್ಪತ್ತೈದು ವರ್ಷ ಆಗಿತ್ತು. ಅವರು ಹಾರುವುದನ್ನು ಕತ್ತೆತ್ತಿ ನೋಡುವ ಚಟವೂ ಜನಕ್ಕೆ ಬಿಟ್ಟುಹೋಗಿತ್ತು. ಹೊಡೆದಾಟ ಮುಗಿದ ಮೇಲೆ ಅವರು ಕಾಯುತ್ತಿದ್ದುದು ಸುವರ್ಣಾಳ ದಾರಿಯನ್ನು.

ಯಾಕೆಂದರೆ ಗಟ್ಟಿಗರ ಪೆಟ್ಟು ನಮ್ಮ ನಿಮ್ಮ ಪೆಟ್ಟಿನಂತಲ್ಲ. ನಾವು ಗೋಡೆಗೆ ಗುದ್ದಿದರೆ ಕೈ ನೋಯುತ್ತದೆ, ಅಲ್ಲಿಗೆ ಮುಗಿಯಿತು. ಅವರ ಪೆಟ್ಟಿನಲ್ಲಿ ಅರ್ಧ ಆಗಲೇ ಒಡೆಯುತ್ತದೆ, ಉಳಿದರ್ಧ ಕಲ್ಲು ಇಟ್ಟಿಗೆಯ ಒಳಹೊಕ್ಕು ಕೂರುತ್ತದೆ. ಹೊರಗೆ ಒಂದು ಬಿರುಕೂ ಕಾಣಿಸುವುದಿಲ್ಲ. ಒಂಬತ್ತನೆಯ ದಿನದಿಂದ ಯಾವಾಗ ಬೇಕಾದರೂ, ಅಂದೇ ಆಗಲಿ ಆರು ತಿಂಗಳಿಗೆ ಆಗಲಿ, ಅದು ಎದ್ದು ಹೊರಬರುತ್ತದೆ. ಆಗ ಗೋಡೆ ನಿಂತಲ್ಲೇ ಕುಸಿಯುತ್ತದೆ. ವಿಜ್ಞಾನಿಗಳು ಅದಕ್ಕೆ ತಂಗುಪೆಟ್ಟು ಎಂದು ಹೆಸರಿಟ್ಟರು. ಅದನ್ನು ಅಳೆಯಲು ನಾಡಿಮಾಪಕ ಎಂಬ ಪೆಟ್ಟಿಗೆ ಮಾಡಿದರು. ಊಟದ ಡಬ್ಬಿಯಷ್ಟು ದೊಡ್ಡದು. ಗೋಡೆಗೆ ಒತ್ತಿ ಹಿಡಿದರೆ ಗೋಡೆಯೊಳಗಿನ ಸಣ್ಣ ನಡುಕ ಮುಳ್ಳಿನಲ್ಲಿ ಕಾಣುತ್ತದೆ. ಇಪ್ಪತ್ತರ ಕೆಳಗಿದ್ದರೆ ಬಾಗಿಲಿಗೆ ಹಸಿರು ಪಟ್ಟಿ, ಮನೆಯವರು ವಾಪಸು ಬರಬಹುದು. ಮೇಲಿದ್ದರೆ ಕೆಂಪು, ಮನೆ ಕೆಡವುವುದೇ. ಎಂಬತ್ತು ಮುಟ್ಟಿದ ಗೋಡೆ ನಿಂತ ಉದಾಹರಣೆ ಇಲ್ಲ.

ಹಗ್ಗದ ಓಣಿಯ ನಲವತ್ತೆರಡು ಮನೆಗಳನ್ನು ಸುವರ್ಣಾ ನಾಲ್ಕನೆಯ ದಿನ ಅಳೆದಿದ್ದಳು. ನಲವತ್ತೆರಡೂ ಹಸಿರು. ಶಾಲೆಯ ಹಾಲಿನಲ್ಲಿ ಚಾಪೆ ಹಾಸಿ ಮಲಗಿದ್ದ ಜನ ಐದನೆಯ ದಿನ ಬೆಳಗ್ಗೆ ಮನೆ ಸೇರಿ, ಒಲೆ ಪೂಜೆ ಮಾಡಿ ಹಾಲು ಉಕ್ಕಿಸಿದರು. ಅವಳ ಕೈಗೂ ಒಂದೊಂದು ಲೋಟ ಕೊಟ್ಟರು. ನಲವತ್ತೆರಡು ಮನೆಯ ಹಾಲು ಕುಡಿಯುವುದು ಯಾರಿಂದಾದೀತು? ಆರಕ್ಕೇ ಹೊಟ್ಟೆ ಉಬ್ಬಿತ್ತು, ಮನಸ್ಸೂ ಉಬ್ಬಿತ್ತು.

ಒಂಬತ್ತನೆಯ ದಿನ ಶುಕ್ರವಾರ. ಬೆಳಗ್ಗೆ ಅವಳ ಗಂಡ, ಬಡಗಿ ಮೌನೇಶ ಅಂಗಳದಲ್ಲಿ ಬಾಗಿಲೊಂದಕ್ಕೆ ರಂದಾ ಹೊಡೆಯುತ್ತಿದ್ದ. ಹೊಡೆದಾಟ ಆದಾಗಲೆಲ್ಲ ಅವನಿಗೆ ಕೈತುಂಬ ಕೆಲಸ.

"ಖಾರ ತರಾಕ ಹೋಗ್ತೀಯೋ ಇಲ್ಲೋ?" ಎಂದ. "ಈ ಗಟ್ಟಿಗರ ಕಾಲಾಗ ಬ್ಯಾಡಗಿ ಮೆಣಸಿನಕಾಯಿ ಖೈರುನ್ ಆಪಾನ ಗಿರಣ್ಯಾಗ ವಾರದಿಂದ ಬಿದ್ದಾವು. ಮನ್ಯಾಗ ಡಬ್ಬಿ ತಳಾ ಕಾಣಾಕತ್ತೈತಿ."

"ಇವತ್ತ ಹೋಗ್ತೀನಿ."

"ಹೋದ್ರ ಅಲ್ಲೇ ನಿಂದ್ರು. ನಮ್ದು ಬ್ಯಾರೇದವರ ಮೆಣಸಿನಕಾಯಿ ಜೋಡಿ ಕಲತ್ರ ನಾ ಉಣ್ಣೂದಿಲ್ಲ."

ಇದು ಇಡೀ ಸೀಮೆಯ ರೀತಿ. ಬೇಸಿಗೆಯ ಬಾಯಿಗೆ ವರ್ಷದ ಖಾರ ಕುಟ್ಟಿಸಬೇಕು, ಕುಟ್ಟುವಾಗ ಮನೆಯ ಹೆಂಗಸು ತನ್ನ ಮೆಣಸಿನಕಾಯಿಯ ಪಕ್ಕ ಕಾವಲು ನಿಲ್ಲಬೇಕು. ಗಂಡನನ್ನಾದರೂ ನಂಬಿಯಾರು, ಗಿರಣಿಯ ಸರದಿಯನ್ನು ನಂಬರು.

ಖೈರುನ್ ಆಪಾಳ ಗಿರಣಿ ಹಗ್ಗದ ಓಣಿಯ ಬಾಯಲ್ಲೇ ಇತ್ತು. ಆರು ಕಬ್ಬಿಣದ ಒನಕೆಗಳು ಬೆಳಗಿನ ಎಂಟರಿಂದ ಸಂಜೆ ಆರರ ತನಕ ಏಳುತ್ತ ಬೀಳುತ್ತ ಇರುತ್ತಿದ್ದವು. ಸುವರ್ಣಾ ಹುಟ್ಟಿ ಬೆಳೆದದ್ದು ಅದರ ಹಿಂದಿನ ಓಣಿಯಲ್ಲಿ. ಆ ಧಡ್ ಧಡ್ ಸದ್ದು ನಿಂತರೆ ಮಾತ್ರ ಅವಳಿಗೆ ಕೇಳಿಸುತ್ತಿತ್ತು, ನಡೆಯುತ್ತಿದ್ದಾಗ ಅಲ್ಲ.

ಅವಳು ಹೋದಾಗ ಹನ್ನೆರಡೂವರೆ. ಶುಕ್ರವಾರದ ನಮಾಜಿಗೆಂದು ಗಿರಣಿ ಆಗಷ್ಟೇ ನಿಂತಿತ್ತು. ಅರವತ್ತು ದಾಟಿದ ಖೈರುನ್ ಆಪಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಕುಂದ್ರವಾ, ಎರಡರೊಳಗ ಚಾಲೂ ಮಾಡ್ತೀನಿ. ಮೊದಲ ನಿಂದ," ಎಂದು ಒಳಗೆ ಹೋದಳು. ಸುವರ್ಣಾ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಕಚೇರಿಯ ಚೀಲವನ್ನು ಗೋಡೆಗೆ ಆನಿಸಿಟ್ಟಳು. ಓಣಿಯಲ್ಲಿ ಮಧ್ಯಾಹ್ನದ ಅಡುಗೆಯ, ಹುಳಿಬಾನದ ವಾಸನೆ. ತೂಕಡಿಕೆ ಬಂತು.

ಚೀಲದೊಳಗಿಂದ ಕಿರ್ರೆಂದು ಸದ್ದು ಬಂದಾಗ ಅವಳಿಗೆ ಮೊದಲು ತಿಳಿಯಲಿಲ್ಲ. ನಾಡಿಮಾಪಕ ಆಫ್ ಮಾಡಲು ಮರೆತಿದ್ದಳು. ತೆಗೆದು ನೋಡಿದರೆ ಮುಳ್ಳು ಮೂವತ್ತೆಂಟರಲ್ಲಿ.

ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡಳು. ಎದುರು ಮನೆಗೆ ಹಿಡಿದಳು, ನಲವತ್ತೊಂದು. ಅದರಾಚೆಯದಕ್ಕೆ ನಲವತ್ತಾರು. ಓಣಿಯುದ್ದಕ್ಕೂ ಗೋಡೆಯಿಂದ ಗೋಡೆಗೆ ಓಡಿದಳು. ಒಂದೂ ಇಪ್ಪತ್ತರ ಕೆಳಗಿಲ್ಲ. ತಿರುಗಿ ಮೊದಲಿನ ಗೋಡೆಗೆ ಬಂದಾಗ ಒಂದೂಮುಕ್ಕಾಲು, ಮುಳ್ಳು ಐವತ್ತೇಳಕ್ಕೆ ಏರಿತ್ತು. ಆಗ ಗಿರಣಿಯ ಬಾಗಿಲು ತೆರೆಯಿತು, ಖೈರುನ್ ಆಪಾ ಸ್ವಿಚ್ ಹಾಕಿದಳು. ಧಡ್ ಧಡ್ ಧಡ್. ಸುವರ್ಣಾಳ ಕಣ್ಣೆದುರಿಗೇ ಮುಳ್ಳು ಇಳಿಯತೊಡಗಿತು. ಐವತ್ತು, ಮೂವತ್ತು, ಹನ್ನೆರಡು. ಐದು ನಿಮಿಷದೊಳಗೆ ಹಸಿರು.

ನಾಲ್ಕನೆಯ ದಿನ ಅಳೆದಾಗಲೂ ಈ ಒನಕೆಗಳು ನಡೆಯುತ್ತಲೇ ಇದ್ದವು.

ಇಲಾಖೆಯ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಳೆಯುವ ಮುನ್ನ ಸುತ್ತಲಿನ ಯಂತ್ರಗಳನ್ನು ನಿಲ್ಲಿಸಿ. ಜನರೇಟರು, ಲಿಫ್ಟು, ನೀರಿನ ಮೋಟಾರು. ಅವಳು ಎಲ್ಲವನ್ನೂ ನಿಲ್ಲಿಸಿದ್ದಳು. ಯಾರದೋ ಮನೆಯ ಮಿಕ್ಸರನ್ನೂ ಬಿಟ್ಟಿರಲಿಲ್ಲ. ಆದರೆ ಖಾರದ ಗಿರಣಿ ಯಂತ್ರವೆಂದು ಯಾರಿಗೆ ಹೊಳೆಯುತ್ತದೆ? ಪುಸ್ತಕ ಬರೆದವರಿಗೆ ಖಾರದ ಗಿರಣಿ ಗೊತ್ತಿರಲಿಲ್ಲ. ಸುವರ್ಣಾಳಿಗೆ ಅದು ಅತಿಯಾಗಿ ಗೊತ್ತಿತ್ತು.

ಧಾರವಾಡ ರಸ್ತೆಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿದಳು. ಅಲ್ಲಿನ ಮುಖ್ಯಸ್ಥರು ಡಾ. ಸಾವಳಗಿ, ತಂಗುಪೆಟ್ಟಿನ ಲೆಕ್ಕ ಬಲ್ಲವರು. ಕೇಳಿಸಿಕೊಳ್ಳುತ್ತಲೇ ಲೆಕ್ಕಕ್ಕೆ ಕೂತರು. ಕೀಲಿಮಣೆ ಟಕಟಕ ಎಂದಿತು.

"ಸುವರ್ಣಾ, ಗಿರಣಿ ಸದ್ಯ ನಡೀಲಿಕ್ಕತ್ತದೇನು?"

"ನಡದೈತ್ರಿ ಸರ್."

"ಹಂಗಾದ್ರ ಕೇಳು. ಒಂದೇ ಸಮ ಕುಟ್ಟೋದು ಆ ಪೆಟ್ಟನ್ನ ಮಲಗಿಸ್ತದ, ಕೂಸಿನ್ನ ತಟ್ಟಿ ಮಲಗಿಸಿದ್ಹಂಗ. ತಟ್ಟೋದು ನಿಂತ್ರ ಏಳ್ತದ. ಇಷ್ಟು ದಿನ ರಾತ್ರಿ ಗಿರಣಿ ಬಂದಾದಾಗ ಎದ್ದಿದ್ರೂ ಹೊರಗ ಬರೋ ತಾಕತ್ತು ಇರಲಿಲ್ಲ. ಇವತ್ತು ಒಂಬತ್ತನೇ ದಿನ." ಕೀಲಿಮಣೆಯ ಸದ್ದು ನಿಂತಿತು. "ಇವತ್ತ ಗಿರಣಿ ಬಂದ್ ಆದ ಮ್ಯಾಲೆ ಎರಡು ತಾಸು ಹಿಡೀಬಹುದು. ಹೆಚ್ಚಂದ್ರ."

ಗಿರಣಿ ಬಂದಾಗುವುದು ಆರಕ್ಕೆ. ಎಂಟರ ಹೊತ್ತಿಗೆ ಓಣಿಯ ಮಂದಿಯೆಲ್ಲ ಮನೆಯೊಳಗೆ ರೊಟ್ಟಿ ಉಣ್ಣುತ್ತಿರುತ್ತಾರೆ.

"ಪೊಲೀಸರನ್ನ ಕಳಸ್ರಿ ಸರ್."

"ಎಲ್ಲಾರೂ ಮೈದಾನದಾಗ ಇದ್ದಾರ. ಐದಕ್ಕ ವಜ್ರಬಾಹುವಿನ ಸನ್ಮಾನ. ನೋಡ್ತೀನಿ. ನೀ ಮಂದಿನ್ನ ಹೊರಗ ತಗೀ. ಗಿರಣಿ ಮಾತ್ರ ನಿಲ್ಲಬಾರದು."

ಸುವರ್ಣಾ ಓಣಿಯ ನಡುವೆ ನಿಂತು ಕೂಗಿದಳು. "ಎಲ್ಲಾರೂ ಹೊರಗ ಬರ್ರಿ! ನಾ ಅಳದದ್ದು ತಪ್ಪಾಗೇತಿ! ಮನಿ ಬೀಳ್ತಾವು!" ಬಾಗಿಲುಗಳು ತೆರೆದವು, ಮುಖಗಳು ಹೊರಬಂದವು. ಯಾರೂ ಹೊಸ್ತಿಲು ದಾಟಲಿಲ್ಲ. ಒಬ್ಬಾಕೆ ಬಾಗಿಲಿನ ಹಸಿರು ಪಟ್ಟಿಯ ಮೇಲೆ ಬೆರಳಿಟ್ಟು, "ಇದನ್ನ ಬಡದಾಕಿ ನೀನ ಅಲ್ಲೇನ?" ಎಂದಳು. ಇನ್ನೊಬ್ಬ, "ಮತ್ತ ಆ ಶಾಲ್ಯಾಗ ಸೊಳ್ಳಿ ಕಡಸ್ಕೋಂತ ಬೀಳೂನೇನ? ಹೋಗ ಬೇ," ಎಂದು ಬಾಗಿಲು ಹಾಕಿದ. ತಪ್ಪು ಒಪ್ಪಿಕೊಂಡರೆ ಜನ ನಂಬುತ್ತಾರೆ ಎಂದುಕೊಂಡಿದ್ದಳು. ತಪ್ಪು ಒಪ್ಪಿಕೊಂಡವಳ ಮಾತನ್ನೇ ಯಾರೂ ನಂಬರು ಎಂಬುದು ಆಗ ತಿಳಿಯಿತು. ನಡುಬೀದಿಯಲ್ಲೇ ಅಳು ಬಂತು.

ಗಿರಣಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಖೈರುನ್ ಆಪಾ ಅವಳ ತೋಳು ಹಿಡಿದು ಒಳಗೆಳೆದಳು.

"ಅಳಬ್ಯಾಡ. ನೆಟ್ಟಗ ಹೇಳು. ಇದು ನಿಂತ್ರ ಓಣಿ ಬೀಳ್ತೈತಿ. ಹೌದಿಲ್ಲೋ?"

"ಹೌದ್ ಆಪಾ."

"ಖಾಲಿ ಒರಳಿನ್ಯಾಗ ಒನಕಿ ಬಿದ್ರ ತಳಾ ಒಡದು ಹೋಕ್ಕೈತಿ. ಕುಟ್ಟಾಕ ಮೆಣಸಿನಕಾಯಿ ಬೇಕು. ನನ್ನ ಕಡೆ ಇರೂದು ಒಂದು ತಾಸಿಂದು." ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮುದುಕಿ ಓಣಿಗೆ ಇಳಿದು, ಸುವರ್ಣಾಳ ಹತ್ತರಷ್ಟು ದನಿಯಲ್ಲಿ ಕೂಗಿದಳು. "ಏ ಕೇಳ್ರವಾ! ಇವತ್ತ ಖಾರ ಪುಕ್ಕಟೆ ಕುಟ್ತೀನಿ! ಇವತ್ತ ಒಂದ ದಿನಾ! ನಾಳಿಂದ ಗಿರಣಿ ಬಂದ್, ಈ ವರ್ಷ ಮತ್ತ ಚಾಲೂ ಮಾಡಂಗಿಲ್ಲ!"

ಸಾವಿಗೆ ಹೊರಬರದ ಓಣಿ ಖಾರಕ್ಕೆ ಹೊರಬಂತು. ಒಬ್ಬೊಬ್ಬ ಹೆಂಗಸೂ ಚೀಲ ಹೊತ್ತು ಬಂದಳು, ತನ್ನ ಚೀಲದ ಪಕ್ಕ ಕಾವಲು ನಿಂತಳು. ಅವ್ವಂದಿರು ಬಂದ ಮೇಲೆ ಮಕ್ಕಳು ಮನೆಯಲ್ಲಿ ನಿಲ್ಲಲಿಲ್ಲ. ಸಾಲು ಓಣಿಯ ಬಾಯಿ ದಾಟಿ, ದೊಡ್ಡ ರಸ್ತೆಯ ಆಚೆಗೆ ಬೆಳೆಯಿತು. ಹೆಂಗಸರನ್ನು ಹಾಗೆ ಹಿಂದಕ್ಕೆ ನಿಲ್ಲಿಸಿದವಳು ಸುವರ್ಣಾ. ನಿಲ್ಲಿಸಿದ ಮೇಲೆ ಹತ್ತು ಮಂದಿಯನ್ನು ಓಣಿಯ ಬಾಯಿಯ ಗೋಡೆಗೆ ಕರೆದು, ನಾಡಿಮಾಪಕವನ್ನು ಅವರ ಕೈಯಿಂದಲೇ ಒತ್ತಿ ಹಿಡಿಸಿದಳು. ಆಪಾ ಅರೆ ನಿಮಿಷ ಗಿರಣಿ ನಿಲ್ಲಿಸಿದಳು. ಮುಳ್ಳು ಎದ್ದು ನಿಂತದ್ದನ್ನು ಹತ್ತು ಹೆಂಗಸರು ಕಣ್ಣಾರೆ ಕಂಡರು. ಗಿರಣಿ ಮತ್ತೆ ಶುರುವಾಯಿತು.  ಆಮೇಲೆ ಒಬ್ಬಾಕೆ ತನ್ನ ಗಂಡನ ಹೆಸರು ಹಿಡಿದು ಕಿರುಚುತ್ತ ಮನೆಯತ್ತ ಓಡಿದಳು, ಹಿಂದೆಯೇ ಉಳಿದವರೂ. ಸುವರ್ಣಾಳ ಫೋನಿಗೆ ಮೌನೇಶ ತನ್ನ ಟೆಂಪೋ ತಂದು ತಿರುಗಾಡಲಾಗದವರನ್ನು, ಒಬ್ಬ ಬಾಣಂತಿಯನ್ನು ಕೂರಿಸಿಕೊಂಡು ಹೋದ. ಖಾರದ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಯಾರು ಅಳುತ್ತಿದ್ದಾರೆ, ಯಾರು ಇಲ್ಲ, ಗೊತ್ತಾಗುತ್ತಿರಲಿಲ್ಲ.

ಐದರ ಹೊತ್ತಿಗೆ ನಲವತ್ತೊಂದು ಮನೆ ಖಾಲಿಯಾದವು. ಉಳಿದವನು ಸಾವಜಿ ಖಾನಾವಳಿಯ ವಿಠ್ಠಲ ಭಾಂಡಗೆ. ಎರಡು ವರ್ಷದಲ್ಲಿ ಗಟ್ಟಿಗರ ದೆಸೆಯಿಂದ ಮೂರು ಸಲ ಮನೆ ಬಿಟ್ಟವನು. ಹೆಂಡತಿ ಮಕ್ಕಳನ್ನು ಕಳಿಸಿ, ತಾನು ಖಾನಾವಳಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕೂತಿದ್ದ.

ಸುವರ್ಣಾ ಹಿತ್ತಲಿನಿಂದ ಒಳಗೆ ಹೋಗಿ ಅವನೆದುರಿನ ಬೆಂಚಿನ ಮೇಲೆ ಕೂತಳು. ಗೋಡೆಯಾಚೆ ಗಿರಣಿ ಬಡಿಯುತ್ತಿತ್ತು.

"ಏಳ್ರಿ ಅಣ್ಣಾರ."

"ಏಳೂದಿಲ್ಲ. ಒಮ್ಮೆ ಹೋಗು ಅಂತೀರಿ, ಒಮ್ಮೆ ಬಾ ಅಂತೀರಿ. ನಾ ಏನ ನಿಮ್ಮ ಮನಿ ಆಳೇನ? ಐದ ದಿನದ ಹಿಂದ ಹಸರ ಅಂದಿ. ತಪ್ಪಾತು. ಇವತ್ತಿಂದೂ ತಪ್ಪಲ್ಲ ಅಂತ ಹೆಂಗ ಹೇಳ್ತೀ?"

 ಇದ್ದದ್ದನ್ನೇ ಹೇಳಿದಳು. "ಹೇಳಾಕ ಬರೂದಿಲ್ಲ ಅಣ್ಣಾರ. ಇವತ್ತೂ ತಪ್ಪಿರಬಹುದು. ನಿಮ್ಮನ್ನ ಈ ಮನ್ಯಾಗ ತಂದು ಕುಂದ್ರಿಸಿದಾಕಿ ನಾನು. ನೀವು ಕುಂತ್ರ ನಾನೂ ಕುಂದರಾಕಿನ."

"ಸಾಯ್ತೀ."

"ಹೂಂ. ಹೆದರಿಕಿ ಆಗಾಕತ್ತೈತಿ."

ಮಾತಾಡುವಾಗಲೂ ಅವಳ ಕಣ್ಣು ತಲೆಯ ಮೇಲಿನ ತೊಲೆಗೆ ಹೋಗಿ ಹೋಗಿ ಬರುತ್ತಿತ್ತು. ವಿಠ್ಠಲ ಅದನ್ನು ನೋಡಿದ. ಅವನು ಇಷ್ಟು ವರ್ಷ ಕಂಡದ್ದು ಎದೆ ಸೆಟೆಸಿಕೊಂಡು ಹಾರುವವರನ್ನು, ಅವರ ಹಿಂದೆ ಮೈಕಿನಲ್ಲಿ ಅಪ್ಪಣೆ ಕೊಡುವವರನ್ನು. ತನ್ನ ಮುಂದೆ ಕೂತು ಹೆದರಿದವರನ್ನು ಕಂಡದ್ದು ಇದೇ ಮೊದಲು. ಅವನು ಎದ್ದ. ಒಲೆಯ ಮೇಲಿನ ಖಾರದ ಸಾರಿನ ಪಾತ್ರೆ ಇಳಿಸಿ, ಮುಚ್ಚಳ ಮುಚ್ಚಿ, "ಎರಿ ಕೆಡತೈತಿ," ಎಂದು ಬೈಯುತ್ತ ಅದನ್ನೂ ಎತ್ತಿಕೊಂಡು ಹೊರಟ.

ಐದೂವರೆಗೆ ಖೈರುನ್ ಆಪಾ ಸ್ವಿಚ್ ಆರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ದೊಡ್ಡ ರಸ್ತೆಯತ್ತ ಓಡಿ ಬಂದಳು.

ಮುನ್ನೂರು ಜನ ರಸ್ತೆಯಾಚೆ ಖಾರದ ಚೀಲಗಳ ಮೇಲೆ ಕೂತು ಕಾದರು. ಒಂದು ತಾಸು ಏನೂ ಆಗಲಿಲ್ಲ. ದೂರದ ಮೈದಾನದಿಂದ ಪಟಾಕಿಯ ಸದ್ದು ಬಂದಾಗ ಎಲ್ಲರೂ ಬೆಚ್ಚಿದರು. ಆಮೇಲೆ ಗೊಣಗಾಟ ಶುರುವಾಯಿತು. ಯಾರೋ ಮನೆಗೆ ಹೋಗಲು ಎದ್ದರು, ಯಾರೋ ಹಿಡಿದು ಕೂರಿಸಿದರು. ಬೀಳಲಿ ಎಂದು ಬೇಡುವುದೋ ಬೀಳದಿರಲಿ ಎಂದು ಬೇಡುವುದೋ ಸುವರ್ಣಾಳಿಗೆ ತಿಳಿಯಲಿಲ್ಲ. ಎರಡನ್ನೂ ಬೇಡಿಕೊಂಡಳು, ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಆರೂಮುಕ್ಕಾಲಿಗೆ ಮೊದಲ ಮನೆ ಕೂತಿತು. ಸದ್ದು ಹೆಚ್ಚೇನೂ ಇಲ್ಲ, ಧೂಳು ಮಾತ್ರ ಆಳೆತ್ತರಕ್ಕೆ ಎದ್ದಿತು. ಅದು ಬಾಣಂತಿಯ ಮನೆ. ಅದರ ಹಿಂದೆ ಇನ್ನೊಂದು. ಏಳು ಗಂಟೆಯೊಳಗೆ ಒಟ್ಟು ಒಂಬತ್ತು. ವಿಠ್ಠಲನದು ಬೀಳಲಿಲ್ಲ. ಅವನು ತಲೆ ಬಗ್ಗಿಸಿ ಪಾತ್ರೆಯ ಮುಚ್ಚಳ ತೆಗೆದು ಎರಿ ಬಡಿಸತೊಡಗಿದ. ಬಾಣಂತಿಯ ಅತ್ತೆ ಸುವರ್ಣಾಳ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡಳು ಸುವರ್ಣಾ. ಆಕೆ ಬಿದ್ದ ಮನೆಯ ಕಡೆ ಒಮ್ಮೆ ನೋಡಿ, ತಿರುಗಿ ಹೋದಳು.

ಸಾವಳಗಿಯವರ ಫೋನ್ ಬಂತು. "ಯಾರಿಗೂ ಏನೂ ಆಗಿಲ್ಲಲಾ? ದೇವ್ರು ದೊಡ್ಡಾವ. ಸುವರ್ಣಾ, ರಿಪೋರ್ಟಿನ್ಯಾಗ ತಂಗುಪೆಟ್ಟು ತಡವಾಗಿ ಕಾಣಿಸ್ಕೊಂಡಿತು ಅಂತ ಬರಿ. ಗಿರಣಿ ಸುದ್ದಿ ಬ್ಯಾಡ."

"ಯಾಕ್ರಿ ಸರ್?"

"ಬರದ್ರ ನಿನ್ನ ನೌಕರಿ ಹೋಗ್ತದ. ಅದು ಇರ್ಲಿ. ಕುಟ್ಟೋ ಬಡಿಯೋ ಸದ್ದು ಎಲ್ಲಾ ಊರಾಗೂ ಅದ. ಇಡೀ ರಾಜ್ಯದ ಹಸಿರು ಮನಿಗಳೆಲ್ಲ ಸಂಶಯದಾಗ ಬೀಳ್ತಾವ. ಹನ್ನೊಂದು ಸಾವಿರ ಮನಿ. ಅಷ್ಟು ಮಂದಿನ್ನ ಎಲ್ಲಿ ಇಡ್ತೀ? ಮೊದಲ ನಾ ಒಂದ್ಸಲ ಲೆಕ್ಕಾ ಹಾಕಿ ನೋಡ್ತೀನಿ, ಒಂದು ವಾರ ಕೊಡು." ಅವರು ಕೆಟ್ಟವರಲ್ಲ. 

ಸುವರ್ಣಾ ಫೋನ್ ಇಟ್ಟಳು. ಒಂದು ವಾರ. ಮೌನೇಶ ಟೆಂಪೋಗೆ ಒರಗಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಹೇಳಿದಳು. ಅವನು ಧೂಳಿನ ಕಡೆ ನೋಡಿ, "ನೌಕರಿ ಹೋದ್ರ ಬಾಗಲಕ್ಕ ಪಾಲಿಶ್ ಹೊಡಿಯಾಕ ಬಾ," ಎಂದ.

ರಾಜ್ಯದ ಅರವತ್ತು ಪರಿಶೀಲಕರದೂ ಒಂದು ವಾಟ್ಸಾಪ್ ಗುಂಪಿತ್ತು. ಹುಟ್ಟುಹಬ್ಬದ ಹೂವು ಕಳಿಸುವ ಆ ಜಾಗದಲ್ಲಿ ಅವಳು ಬರೆದಳು: ನಾನು ಖಾರದ ಗಿರಣಿ ನಡೆಯುತ್ತಿದ್ದಾಗ ಅಳತೆ ತೆಗೆದೆ. ಗಿರಣಿ ನನಗೆ ಕೇಳಿಸಲೇ ಇಲ್ಲ. ಒಂಬತ್ತು ಹಸಿರು ಮನೆಗಳು ಈಗ ಬಿದ್ದಿವೆ. ನಿಮ್ಮ ಊರಿನಲ್ಲಿ ನಿಮಗೆ ಕೇಳಿಸದೆ ಹೋದದ್ದು ಯಾವುದು ನೋಡಿ.

ಮೊದಲ ಉತ್ತರ ಚನ್ನಪಟ್ಟಣದಿಂದ: ಬೊಂಬೆ ಕಡೆಯುವ ಯಂತ್ರ ಲೆಕ್ಕಕ್ಕೆ ಬರುತ್ತಾ ಮೇಡಂ? ಎರಡನೆಯದು ಶಿಡ್ಲಘಟ್ಟದಿಂದ: ರೇಷ್ಮೆ ನೂಲು ತೆಗೆಯುವ ರಾಟೆ? ಮೂರನೆಯವನು ಬರೆಯಲಿಲ್ಲ, ನೇರ ಫೋನ್ ಮಾಡಿದ. ಬನಹಟ್ಟಿಯ ಪರಿಶೀಲಕ, ಈರಪ್ಪ ತೇಲಿ. ಅವನ ದನಿಯ ಹಿಂದೆ ಪವರ್‌ಲೂಮುಗಳ ಖಟಖಟ ಒಂದೇ ಸಮ ಕೇಳುತ್ತಿತ್ತು.

"ಮೇಡಂ, ನಮ್ಮೂರಾಗೂ ಅದ ವಾರನ ಹೊಡದಾಡ್ಯಾರ. ಇವತ್ತಿಗೆ ಹತ್ತು ದಿನ. ನಮ್ಮ ಮಗ್ಗ ರಾತ್ರಿ ಹಗಲ ನಿಂದ್ರೂದ ಇಲ್ರಿ."

"ನಿಂತಿಲ್ಲಂದ್ರ ಸದ್ಯಕ್ಕ ಚಲೋ ಆತು ಈರಪ್ಪಾರ. ನಿಲ್ಲಸಬ್ಯಾಡ್ರಿ. ಮಂದಿನ್ನ ಮೊದಲ..."

"ಇವತ್ತ ಎಂಟಕ್ಕ ಕರೆಂಟ್ ತಗೀತಾರ್ರಿ. ಲೈನ್ ರಿಪೇರಿ, ಬೆಳಗತನ ಇಲ್ಲ. ಎರಡ ದಿನದ ಹಿಂದನ ಹೇಳ್ಯಾರ."

ಸುವರ್ಣಾ ಗಡಿಯಾರ ನೋಡಿದಳು. ಏಳು ಇಪ್ಪತ್ತು.

"ಕರೆಂಟಿನವರಿಗೆ ನಾ ಫೋನ್ ಹಚ್ತೀನಿ. ನೀವು ಮಂದಿನ್ನ ಹೊರಗ ತಗೀರಿ. ಈಗಿಂದೀಗ."

 ಖಟಖಟದ ನಡುವಿನಿಂದ ಸಣ್ಣ ದನಿ ಬಂತು. "ಹೆಂಗ್ರಿ ಮೇಡಂ... ಆರನೂರು ಮನಿಗೆ ಹಸರ ಹಚ್ಚೀನ್ರಿ ನಾ. ಏನಂತ ಹೇಳ್ಲಿ ಅವರಿಗೆ?"

"ನಾನೂ ಹಚ್ಚಿದ್ನಿ," ಎಂದಳು ಸುವರ್ಣಾ. "ಹೋಗಿ ಬಾಗಲಾ ಬಡೀರಿ."